ರಿಪೇರಿ ಕೂಲಿ: ದರ ನಿಗದಿಗೆ ಮೊದಲು ಬಿಲ್ಲು ಬಿಡಿಬಿಡಿಯಾಗಲಿ

ಮಾನ್ಯ ಸಂಪಾದಕರೇ,

ಮನೆಯ ಸಣ್ಣಪುಟ್ಟ ರಿಪೇರಿಗೆ ಬರುವವರು ಮನಸ್ಸಿಗೆ ಬಂದಷ್ಟು ಹಣ ಕೇಳುತ್ತಾರೆ, ಇದಕ್ಕೊಂದು ಕಡಿವಾಣ ಬೀಳಬೇಕು, ಇಂಥ ಕೆಲಸಕ್ಕೆ ಇಷ್ಟೇ ಎಂದು ಗರಿಷ್ಠ ದರ ಗೊತ್ತುಮಾಡಬೇಕು ಎಂಬ ಅಭಿಪ್ರಾಯ ಈ ಅಂಕಣದಲ್ಲಿ ಇತ್ತೀಚೆಗೆ ಪದೇ ಪದೇ ವ್ಯಕ್ತವಾಗುತ್ತಿದೆ. ದೂರಿನಲ್ಲಿ ಹುರುಳಿಲ್ಲವೆಂದು ನಾನು ವಾದಿಸಲು ಹೊರಟಿಲ್ಲ. ಒಂದು ಸಂಸ್ಥೆಯ ಕಟ್ಟಡ ನಿರ್ವಹಣಾ ವಿಭಾಗದಲ್ಲಿ ಬಹುಕಾಲ ರಿಪೇರಿ ಬಿಲ್ಲುಗಳನ್ನು ಪರಿಶೀಲಿಸಿ ಪಾಸು ಮಾಡುವ ಕೆಲಸದಲ್ಲಿದ್ದವನಾದ್ದರಿಂದ, ಉಬ್ಬಿಸಿದ ಬಿಲ್ಲು ಹೇಗಿರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಅದೇ ಅನುಭವದ ಮೇಲೆ ಹೇಳುವುದಾದರೆ, ದರ ಹೆಚ್ಚೋ ಕಡಿಮೆಯೋ ಎಂಬ ಪ್ರಶ್ನೆಗಿಂತ ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಹೇಳದಿರುವುದೇ ಗ್ರಾಹಕರಿಗೆ ಹೆಚ್ಚಿನ ನಷ್ಟ ತರುತ್ತದೆ. ಲೆಕ್ಕ ಹೀಗೆ ಕಲಸಿಹೋಗಿರುವುದರಲ್ಲಿ ಗ್ರಾಹಕರಾದ ನಮ್ಮ ಪಾಲೂ ಸಾಕಷ್ಟಿದೆ.

ಎಲ್ಲರ ಬಾಯಲ್ಲೂ ಇರುವ ದೂರೆಂದರೆ, ಚಿಲ್ಲರೆ ಕಾಸಿನ ವಾಷರ್ ಬದಲಿಸಿದ್ದಕ್ಕೆ ಅದರ ಬೆಲೆಯ ಎಷ್ಟೋ ಪಟ್ಟು ಕೂಲಿ ತೆರಬೇಕಾಯಿತು, ಮೂಗಿಗಿಂತ ಮೂಗುತಿಯೇ ಭಾರವಾಯಿತು ಎನ್ನುವುದು. ಹೀಗೆ ಹೇಳುವಾಗ ನಾವು ಅಳೆಯುವುದು ಕೆಲಸಗಾರರು ನಮ್ಮ ಮನೆಯೊಳಗಿದ್ದ ಹೊತ್ತನ್ನು ಮಾತ್ರ. ನಲ್ಲಿ, ಬಾಗಿಲು, ಸ್ವಿಚ್ಚು, ಗೋಡೆ ಎಲ್ಲಕ್ಕೂ ಕೈಹಾಕಬಲ್ಲ ಒಬ್ಬ ರಿಪೇರಿಗಾರರು ದಿನಕ್ಕೆ 8 ಗಂಟೆ ದುಡಿದು 4 ಮನೆಗಳಿಗೆ ಹೋಗುತ್ತಾರೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಪ್ರತಿ ಮನೆ ತಲುಪಲು ಅರ್ಧ ಗಂಟೆ ಹಿಡಿದರೆ 2 ಗಂಟೆ ದಾರಿಯಲ್ಲೇ ಕಳೆಯುತ್ತದೆ. ಬಿಡಿಭಾಗ ತರಲು ಹಾರ್ಡ್‌ವೇರ್ ಅಂಗಡಿಗೆ ಹೋಗಿಬರುವುದಕ್ಕೆ ಇನ್ನೊಂದು ಗಂಟೆ. ಫೋನಿನಲ್ಲಿ ಮಾತಾಡಲು, 'ಒಮ್ಮೆ ನೋಡಿ ಹೋಗಿ' ಎಂದು ಕರೆಸಿಕೊಂಡು ಆಮೇಲೆ ಸುದ್ದಿಯೇ ಹೇಳದ ಮನೆಗಳಿಗೆ ಹೋಗಿಬರಲು ಮತ್ತೊಂದು ಗಂಟೆ. ಉಳಿಯುವ 4 ಗಂಟೆಯ ಸಂಪಾದನೆಯಲ್ಲಿ 8 ಗಂಟೆಯ ಬದುಕು ಸಾಗಬೇಕೆಂದರೆ ಗಂಟೆಯ ದರ ತಾನಾಗಿಯೇ ಎರಡರಷ್ಟಾಗುತ್ತದೆ. ಇದರ ಮೇಲೆ ವಾಹನ, ಇಂಧನ, ಸವೆಯುವ ಡ್ರಿಲ್ ಬಿಟ್ಟುಗಳು, ಮಾಡಿದ ಕೆಲಸ ಕೆಟ್ಟರೆ ಪುಕ್ಕಟೆಯಾಗಿ ಮತ್ತೆ ಬಂದು ಸರಿಪಡಿಸುವ ಹೊಣೆ, ಜ್ವರ ಬಂದು ಮಲಗಿದರೆ ಯಾರೂ ಕೊಡದ ಸಂಬಳ, ಇವೆಲ್ಲ ಸೇರುತ್ತವೆ. ತಿಂಗಳ ಸಂಬಳ ಪಡೆಯುವ ನಾವು ನಮ್ಮ ರಜೆಯ ದಿನಗಳನ್ನೂ ಚಹಾದ ಬಿಡುವನ್ನೂ ಯಾರಿಗೂ ಬಿಲ್ಲು ಮಾಡುವುದಿಲ್ಲವಾದ್ದರಿಂದ, ಅವುಗಳಿಗೂ ಒಂದು ಬೆಲೆಯಿದೆ ಎಂಬುದು ನಮ್ಮ ಲಕ್ಷ್ಯಕ್ಕೆ ಬರುವುದೇ ಇಲ್ಲ.

ಇನ್ನು ಆ ಹತ್ತು ನಿಮಿಷದ ಕೆಲಸವನ್ನೇ ಹತ್ತಿರದಿಂದ ನೋಡಬಹುದು. ಹಳೆಯ ಮಾದರಿಯ ತಿರುಗಿಸುವ ನಲ್ಲಿಯಲ್ಲಿ ಹಿಡಿಯೊಡನೆ ತಿರುಗುವ ಸ್ಪಿಂಡಲ್ ಎಂಬ ಕಡ್ಡಿ ಕೆಳಗಿಳಿದು ರಬ್ಬರ್ ವಾಷರನ್ನು ನೀರು ಬರುವ ರಂಧ್ರದ ಸುತ್ತಲಿನ ಲೋಹದ ಅಂಚಿನ, ಅಂದರೆ ಸೀಟಿನ ಮೇಲೆ ಒತ್ತಿ ಹಿಡಿದಾಗ ನೀರು ನಿಲ್ಲುತ್ತದೆ. ವಾಷರ್ ಸವೆದು ನೀರು ತೊಟ್ಟಿಕ್ಕಿದರೆ ಹೊಸದನ್ನು ಹಾಕಿದರಾಯಿತು, ನಿಜ. ಆದರೆ ತೊಟ್ಟಿಕ್ಕುವ ನಲ್ಲಿಯನ್ನು ತಿಂಗಳುಗಟ್ಟಲೆ ಬಲವಾಗಿ ಬಿಗಿಯುತ್ತಲೇ ಬಂದಿದ್ದರೆ ಸೀಟಿನ ಅಂಚಿನಲ್ಲಿ ಗೀರು, ತಗ್ಗುಗಳು ಬಿದ್ದಿರುತ್ತವೆ. ಅದನ್ನು ಕಟರಿನಿಂದ ಉಜ್ಜಿ ಮಟ್ಟಮಾಡದೆ ವಾಷರ್ ಮಾತ್ರ ಬದಲಿಸಿದರೆ ಹೊಸ ವಾಷರನ್ನೂ ಅದೇ ಗೀರು ಕೊಂಚ ಕಾಲದಲ್ಲೇ ತಿಂದುಹಾಕುತ್ತದೆ. ಕಾಲು ಸುತ್ತು ತಿರುಗಿಸಿದರೆ ತೆರೆದುಕೊಳ್ಳುವ ಹೊಸ ಮಾದರಿಯಲ್ಲಿ ವಾಷರೇ ಇರುವುದಿಲ್ಲ, ಒಂದರ ಮೇಲೊಂದು ಜಾರುವ ಎರಡು ಸೆರಾಮಿಕ್ ತಟ್ಟೆಗಳ ಕಾರ್ಟ್ರಿಡ್ಜ್ ಇರುತ್ತದೆ. ನೀರಿನೊಡನೆ ಬಂದ ಮರಳಿನ ಕಣ ತಟ್ಟೆಯ ಮೇಲೆ ಗೀರಿದರೆ ಇಡೀ ಕಾರ್ಟ್ರಿಡ್ಜನ್ನೇ ಬದಲಿಸಬೇಕಾಗುತ್ತದೆ. ಉದ್ದ, ಥ್ರೆಡ್ಡು, ಹಿಡಿ ಕೂರುವ ತುದಿಯ ಹಲ್ಲುಗಳ ಸಂಖ್ಯೆ ಇವುಗಳಲ್ಲಿ ಒಂದು ಹೊಂದದಿದ್ದರೂ ಅದು ಕೂರದು, ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದುವುದೂ ಅಪರೂಪ. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡು ಅಂಗಡಿಯಿಂದ ಅಂಗಡಿಗೆ ಅಲೆಯುವ ಹೊತ್ತನ್ನು ನಾವು ಕೆಲಸವೆಂದು ಎಣಿಸುವುದಿಲ್ಲ, ಅವರು ಎಣಿಸಲೇಬೇಕಾಗುತ್ತದೆ.

ಗೋಡೆಯ ಗಾರೆ ಕಿತ್ತುಬಂದ ಕಡೆ ತೇಪೆ ಹಾಕುವ ಕೆಲಸವೂ ಹೀಗೆಯೇ. ಸಡಿಲವಾದುದನ್ನು ಕೆರೆದು, ನೀರು ಚಿಮುಕಿಸಿ, ಗಾರೆ ಮೆತ್ತಲು ಒಂದು ಬಾರಿ ಬರಬೇಕು. ಅದು ಒಣಗಿದ ಮೇಲೆ ಪುಟ್ಟಿ ಬಳಿಯಲು ಇನ್ನೊಮ್ಮೆ, ಉಜ್ಜಿ ಬಣ್ಣ ಹಚ್ಚಲು ಮತ್ತೊಮ್ಮೆ. ಪ್ರತಿ ಸಲವೂ ಕೆಲಸ ಕೊಂಚವೇ, ಪ್ರಯಾಣ ಮಾತ್ರ ಪೂರ್ತಿ. ಒಂದೇ ದಿನದಲ್ಲಿ ಮುಗಿಸಿಕೊಡುತ್ತೇನೆ ಎಂದು ಅಗ್ಗದ ದರ ಹೇಳುವವರು ಹಸಿ ಗಾರೆಯ ಮೇಲೆಯೇ ಬಣ್ಣ ಬಳಿದು ಹೋಗುವ ಸಂಭವ ಹೆಚ್ಚು.

ರಿಪೇರಿ ದುಬಾರಿಯಾಗುತ್ತಲೇ ಹೋಗುವುದಕ್ಕೆ ಯಾರ ದುರಾಸೆಗೂ ಸಂಬಂಧಪಡದ ಇನ್ನೊಂದು ಕಾರಣವಿದೆ. 1960ರ ದಶಕದಲ್ಲಿ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮಲ್ ಮತ್ತು ವಿಲಿಯಂ ಬೋವೆನ್ ಸಂಗೀತ, ನಾಟಕಗಳಂಥ ಪ್ರದರ್ಶನ ಕಲೆಗಳ ಖರ್ಚುವೆಚ್ಚವನ್ನು ಅಧ್ಯಯನ ಮಾಡುವಾಗ ಇದನ್ನು ವಿವರಿಸಿದರು. ನಾಲ್ವರು ವಾದ್ಯಗಾರರು ನುಡಿಸಬೇಕಾದ ಕೃತಿಗೆ ಇನ್ನೂರು ವರ್ಷಗಳ ಹಿಂದೆ ಎಷ್ಟು ಜನ, ಎಷ್ಟು ಹೊತ್ತು ಬೇಕಿತ್ತೋ ಇಂದಿಗೂ ಅಷ್ಟೇ ಬೇಕು. ಆದರೆ ಕಾರ್ಖಾನೆಗಳಲ್ಲಿ ಒಬ್ಬ ಕಾರ್ಮಿಕ ತಯಾರಿಸುವ ಸರಕು ಹಲವು ಪಟ್ಟು ಹೆಚ್ಚಿ ಅಲ್ಲಿನ ಸಂಬಳ ಏರಿದಂತೆ, ವಾದ್ಯಗಾರರನ್ನು ಅವರ ವೃತ್ತಿಯಲ್ಲೇ ಉಳಿಸಿಕೊಳ್ಳಲು ಅವರ ಸಂಭಾವನೆಯೂ ಏರಲೇಬೇಕಾಗುತ್ತದೆ. ನಲ್ಲಿಗೂ ಇದೇ ಮಾತು ಅನ್ವಯಿಸುತ್ತದೆ. ಯಂತ್ರಗಳು ನಲ್ಲಿಯನ್ನು ಸಾವಿರಗಟ್ಟಲೆ ತಯಾರಿಸಿ ಅಗ್ಗ ಮಾಡಿವೆ. ಸಿಂಕಿನ ಕೆಳಗೆ ತಲೆತೂರಿಸಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ತುಕ್ಕು ಹಿಡಿದ ನಟ್ಟನ್ನು ಸಡಿಲಿಸುವ ಕೆಲಸವನ್ನು ಯಾವ ಯಂತ್ರವೂ ವೇಗವಾಗಿಸಿಲ್ಲ. ವಸ್ತುವಿನ ಬೆಲೆ ಇಳಿಯುತ್ತ, ಅದನ್ನು ರಿಪೇರಿ ಮಾಡುವ ಕೂಲಿ ಏರುತ್ತ ಹೋದಾಗ ವಾಷರಿಗೂ ಕೂಲಿಗೂ ನಡುವಿನ ಅಂತರ ವರ್ಷ ವರ್ಷಕ್ಕೂ ಇನ್ನಷ್ಟು ಅನ್ಯಾಯವಾಗಿ ಕಾಣಿಸುತ್ತದೆ. ಗರಿಷ್ಠ ದರದ ಆದೇಶ ಹೊರಡಿಸಿದ ಮಾತ್ರಕ್ಕೆ ಈ ಅಂತರ ತಗ್ಗುವುದಿಲ್ಲ. ಹೆಚ್ಚೆಂದರೆ ಕೈಯಲ್ಲಿ ಕಸುಬಿದ್ದವರು ಸಣ್ಣ ಕೆಲಸ ಒಪ್ಪಿಕೊಳ್ಳುವುದನ್ನೇ ಬಿಟ್ಟು ಹೊಸ ಕಟ್ಟಡಗಳ ಗುತ್ತಿಗೆಗೆ ಹೋಗುತ್ತಾರೆ. ಅವರು ತೆರವು ಮಾಡಿದ ಜಾಗಕ್ಕೆ ಯಾರು ಬರುತ್ತಾರೆಂದು ನಾನು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಮೋಸವೇ ನಡೆಯುವುದಿಲ್ಲವೇ? ಖಂಡಿತ ನಡೆಯುತ್ತದೆ, ಮತ್ತು ಅದು ನಡೆಯುವ ಬಗೆಯನ್ನು ಅರಿತರೆ ಮಾತ್ರ ತಡೆಯಲು ಸಾಧ್ಯ. ಕೆಲವು ಸೇವೆಗಳ ಗುಣಮಟ್ಟವನ್ನು ಪಡೆದ ನಂತರವೂ ಗ್ರಾಹಕರು ಸುಲಭವಾಗಿ ಅಳೆಯಲಾರರು ಎಂಬ ಸಂಗತಿಯನ್ನು 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬ ಅರ್ಥಶಾಸ್ತ್ರಜ್ಞರು ಚರ್ಚಿಸಿದ್ದರು. ರಿಪೇರಿ ಅಂಥ ಸೇವೆಗೆ ಒಳ್ಳೆಯ ಉದಾಹರಣೆ. ಕೆಟ್ಟಿರುವುದು ಏನು ಎಂದು ಹೇಳುವವರೂ ಅದನ್ನು ಸರಿಪಡಿಸಿ ಹಣ ಪಡೆಯುವವರೂ ಒಬ್ಬರೇ ಆಗಿರುತ್ತಾರೆ. ಪೈಪು ಪೂರ್ತಿ ಬದಲಿಸಬೇಕು ಎಂದು ಅವರು ಹೇಳಿದರೆ ಒಂದು ಜಾಯಿಂಟು ಬಿಗಿದಿದ್ದರೆ ಸಾಕಾಗುತ್ತಿತ್ತೇ ಎಂಬುದು ನಮಗೆ ಎಂದೂ ತಿಳಿಯುವುದಿಲ್ಲ, ಏಕೆಂದರೆ ಹೊಸ ಪೈಪಿನಲ್ಲೂ ನೀರು ಸೋರುವುದಿಲ್ಲವಲ್ಲ.

ಗೋಡೆ ತೇವಗೊಂಡಾಗ ಈ ಕಷ್ಟ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಬಣ್ಣ ಉಬ್ಬಿ, ಬಿಳಿಯ ಉಪ್ಪಿನ ಪುಡಿ ಗೋಡೆಯಿಂದ ಹೊರಬರುತ್ತಿದೆ ಎಂದುಕೊಳ್ಳಿ. ಕಾರಣ ಗೋಡೆಯೊಳಗಿನ ನೀರಿನ ಪೈಪಿನ ಸೋರಿಕೆಯಾಗಿರಬಹುದು, ಆಚೆ ಬದಿಯ ಬಚ್ಚಲಿನ ಟೈಲ್ಸ್ ಸಂದುಗಳಲ್ಲಿ ಇಳಿಯುವ ನೀರಾಗಿರಬಹುದು, ಹೊರಗೋಡೆಯ ಬಿರುಕಿನಿಂದ ಬರುವ ಮಳೆನೀರಾಗಿರಬಹುದು, ತಳಪಾಯದಿಂದ ಮೇಲೇರುವ ನೆಲದ ತೇವವಾಗಿರಬಹುದು, ಅಥವಾ ಗಾಳಿಯಾಡದ ಕೋಣೆಯ ತಣ್ಣನೆಯ ಗೋಡೆಯ ಮೇಲೆ ಒಳಗಿನ ಆವಿಯೇ ಹನಿಗಟ್ಟಿ ನಿಂತದ್ದಾಗಿರಬಹುದು. ಮನೆಯ ಎಲ್ಲ ನಲ್ಲಿಗಳನ್ನು ಮುಚ್ಚಿ, ತೊಟ್ಟಿಗೆ ನೀರು ತುಂಬುತ್ತಿಲ್ಲವೆಂದು ಖಚಿತಪಡಿಸಿಕೊಂಡು ಮೀಟರ್ ನೋಡಿದರೆ, ಮುಳ್ಳು ತಿರುಗುತ್ತಲೇ ಇದ್ದ ಪಕ್ಷದಲ್ಲಿ ಎಲ್ಲೋ ಪೈಪು ಸೋರುತ್ತಿದೆ ಎಂದು ತಿಳಿಯುತ್ತದೆ. ಗೋಡೆಯ ಮೇಲೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ ಒಂದೆರಡು ದಿನ ಬಿಟ್ಟು ನೋಡಿದರೆ, ಹಾಳೆಯ ಹಿಂಬದಿ ಒದ್ದೆಯಾಗಿದ್ದಲ್ಲಿ ನೀರು ಗೋಡೆಯೊಳಗಿಂದ ಬರುತ್ತಿದೆ ಎಂದೂ ಮುಂಬದಿ ಒದ್ದೆಯಾಗಿದ್ದಲ್ಲಿ ಕೋಣೆಯ ಆವಿ ಹನಿಗಟ್ಟುತ್ತಿದೆ ಎಂದೂ ಊಹಿಸಬಹುದು. ಬಚ್ಚಲನ್ನು ಕೆಲವು ದಿನ ಬಳಸದೆ ಇದ್ದು ತೇವ ತಗ್ಗುತ್ತದೆಯೇ ಎಂದು ಗಮನಿಸುವುದೂ ಒಂದು ಕ್ರಮ. ಇವ್ಯಾವುದಕ್ಕೂ ದುಬಾರಿ ಉಪಕರಣ ಬೇಕಿಲ್ಲ. ಬೇಕಾದದ್ದು ತಾಳ್ಮೆ, ತಿಳಿವಳಿಕೆ ಮತ್ತು ಎರಡು ಮೂರು ಸಲ ಬಂದುಹೋಗುವ ಸಮಯ.

ಆ ಸಮಯಕ್ಕೆ ನಾವು ಹಣ ಕೊಡುತ್ತೇವೆಯೇ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. 'ಬರೀ ನೋಡಿ ಹೋಗುವುದಕ್ಕೆ ಎಂಥ ದುಡ್ಡು' ಎನ್ನುವುದು ನಮ್ಮಲ್ಲಿ ಬಹುಮಂದಿಯ ಧೋರಣೆ. ದೋಷ ಪತ್ತೆಹಚ್ಚುವುದಕ್ಕೆ ಪ್ರತ್ಯೇಕ ಶುಲ್ಕ ಕೇಳಿದವರನ್ನು ನಾವು ಮತ್ತೆ ಕರೆಯುವುದಿಲ್ಲ. ನೋಡುವುದು ಉಚಿತ ಎಂದವರನ್ನು ಕರೆಯುತ್ತೇವೆ. ಆದರೆ ಉಚಿತವಾಗಿ ನೋಡಿಹೋದ ಗಂಟೆಯ ಬೆಲೆ ಎಲ್ಲಿಯೂ ಮಾಯವಾಗುವುದಿಲ್ಲ. ಅದು ಬಿಡಿಭಾಗದ ಬೆಲೆಯೊಳಗೆ ಸೇರಿಕೊಳ್ಳುತ್ತದೆ, ಅಂಗಡಿಯವರು ಕೊಡುವ ಕಮಿಷನ್ನಿನೊಳಗೆ ಸೇರಿಕೊಳ್ಳುತ್ತದೆ, ಇಲ್ಲವೇ ಬೇಕಿಲ್ಲದ ಕೆಲಸದ ರೂಪ ತಾಳುತ್ತದೆ. ಮೀಟರ್ ನೋಡಿ, ಪೈಪು ಸೋರುತ್ತಿಲ್ಲ, ಕಿಟಕಿ ತೆರೆದಿಟ್ಟರೆ ಸಾಕು ಎಂದು ಹೇಳಿಹೋದ ಪ್ರಾಮಾಣಿಕರಿಗೆ ಸಿಗುವುದು ಒಂದು ಲೋಟ ಚಹಾ. ಗೋಡೆ ಒಡೆದು ಪೈಪು ಬದಲಿಸಿದವರಿಗೆ ಸಿಗುವುದು ದೊಡ್ಡ ಮೊತ್ತ. ಇಂಥ ಪದ್ಧತಿಯನ್ನು ನಾವೇ ಬೆಳೆಸಿ, ಪ್ರಾಮಾಣಿಕರು ಸಿಗುತ್ತಿಲ್ಲ ಎಂದು ಪತ್ರಿಕೆಗೆ ಬರೆಯುವುದು ನನಗೆ ಅಷ್ಟಾಗಿ ಸರಿಕಾಣುವುದಿಲ್ಲ.

ನಾನು ಬಿಲ್ಲು ಪರಿಶೀಲಿಸುತ್ತಿದ್ದ ಕಾಲದಲ್ಲಿ ಅನುಮಾನ ಹುಟ್ಟಿಸುತ್ತಿದ್ದುದು ಕೂಲಿಯ ಸಾಲಲ್ಲ, 'ಸಾಮಾನು ಮತ್ತು ಇತರೆ' ಎಂದು ಒಟ್ಟಾಗಿ ಬರೆದ ಸಾಲು. ಅದನ್ನು ಬಿಡಿಸಿ ಬರೆದುಕೊಡಿ ಎಂದು ವಾಪಸು ಕಳುಹಿಸಿದರೆ ಹಲವು ಸಲ ಕೂಲಿ ಏರಿ ಸಾಮಾನಿನ ಮೊತ್ತ ಇಳಿದು, ಒಟ್ಟು ಮೊತ್ತ ಸ್ವಲ್ಪವೇ ಬದಲಾಗಿ ಬರುತ್ತಿತ್ತು. ಅಂದರೆ ಅವರಿಗೆ ಬೇಕಾಗಿದ್ದುದು ತಮ್ಮ ಹೊತ್ತಿನ ಬೆಲೆಯೇ. ಅದನ್ನು ನೇರವಾಗಿ ಕೇಳಿದರೆ ಸಿಗದೆಂಬ ಅಂಜಿಕೆಯಿಂದ ಸಾಮಾನಿನ ಲೆಕ್ಕದಲ್ಲಿ ಅಡಗಿಸಿದ್ದರು. ನಿಜವಾಗಿ ವಂಚಿಸಲು ಹೊರಟವರು ಬಿಡಿಸಿ ಬರೆಯುವುದನ್ನೇ ತಪ್ಪಿಸುತ್ತಿದ್ದರು, ಹೀಗಾಗಿ ಅವರನ್ನು ಗುರುತಿಸುವುದೂ ಸುಲಭವಾಗುತ್ತಿತ್ತು.

ಗಂಟೆ ಲೆಕ್ಕದ ಕೂಲಿ ಒಳ್ಳೆಯದೋ, ಕೆಲಸಕ್ಕಿಷ್ಟು ಎಂಬ ಗುತ್ತಿಗೆ ಒಳ್ಳೆಯದೋ ಎಂಬ ಚರ್ಚೆಯೂ ಇದೆ. ಗಂಟೆ ಲೆಕ್ಕದಲ್ಲಿ ನಿಧಾನಿಸುವ ಆಸೆಯಿದೆ, ಗುತ್ತಿಗೆಯಲ್ಲಿ ಅವಸರಿಸುವ ಆಸೆಯಿದೆ. ಬಾಗಿಲಿಗೆ ಹೊಸ ಬೀಗ ಕೂರಿಸುವುದು, ಫ್ಯಾನು ಬದಲಿಸುವುದು ಮುಂತಾದ ಮೊದಲಿನಿಂದ ಕೊನೆಯವರೆಗೂ ಕಣ್ಣಿಗೆ ಕಾಣುವ ಕೆಲಸಗಳಿಗೆ ಗುತ್ತಿಗೆ ಸರಿ. ಗೋಡೆಯೊಳಗೆ ಏನಿದೆಯೆಂದು ಯಾರಿಗೂ ಗೊತ್ತಿಲ್ಲದ ಕೆಲಸಕ್ಕೆ ಗುತ್ತಿಗೆಯ ದರ ಕೇಳಿದರೆ, ಅತಿ ಕೆಟ್ಟ ಸಂದರ್ಭವನ್ನು ಊಹಿಸಿಯೇ ಅವರು ದರ ಹೇಳುತ್ತಾರೆ. ಅದೃಷ್ಟವಶಾತ್ ಕೆಲಸ ಸುಲಭವಾದರೂ ನಾವು ಅಷ್ಟನ್ನೇ ಕೊಡಬೇಕಾಗುತ್ತದೆ. ಇಂಥ ಕಡೆ ಗಂಟೆ ಲೆಕ್ಕಕ್ಕೆ ಒಪ್ಪಿ, ಇಷ್ಟು ಮೊತ್ತ ಮೀರುವಂತಿದ್ದರೆ ಕೆಲಸ ನಿಲ್ಲಿಸಿ ಕೇಳಬೇಕು ಎಂದು ಮೊದಲೇ ಹೇಳಿಡುವುದು ವಾಸಿ. ಆ್ಯಪ್‌ಗಳ ಮೂಲಕ ಕರೆಸಿಕೊಳ್ಳುವವರಿಗೆ ದರವೇನೋ ಮೊದಲೇ ಪರದೆಯ ಮೇಲೆ ಕಾಣುತ್ತದೆ. ಆದರೆ ಮಧ್ಯವರ್ತಿಯ ಪಾಲು ಕಳೆದು ಕೆಲಸಗಾರರ ಕೈಗೆ ಬರುವುದು ಅದಕ್ಕಿಂತ ಕಡಿಮೆ, ಮತ್ತು ಪಟ್ಟಿಯಲ್ಲಿರುವ ಕೆಲಸಕ್ಕಷ್ಟೇ ಆ ದರ. ಬಂದು ನೋಡಿದ ಮೇಲೆ 'ಇದು ಬೇರೆ ವರ್ಗಕ್ಕೆ ಸೇರುತ್ತದೆ' ಎಂಬ ಮಾತು ಅಲ್ಲಿಯೂ ಕೇಳಿಬರುತ್ತದೆ.

ಕಡಿಮೆ ದರದ ಬೆನ್ನುಹತ್ತಿ ಹೋಗುವುದರಲ್ಲಿ ಹಣಕ್ಕಿಂತ ದೊಡ್ಡ ಅಪಾಯ ಇರುವುದು ವಿದ್ಯುತ್ತಿನ ಕೆಲಸದಲ್ಲಿ. ಎಂಸಿಬಿ (ಮಿತಿಮೀರಿ ವಿದ್ಯುತ್ ಹರಿದಾಗ ತಾನಾಗಿಯೇ ಸಂಪರ್ಕ ಕಡಿಯುವ, ಅಂದರೆ ಟ್ರಿಪ್ ಆಗುವ ಸ್ವಿಚ್ಚು) ಪದೇ ಪದೇ ಟ್ರಿಪ್ ಆಗುತ್ತದೆ ಎಂದು ಕರೆದಾಗ, ತಿಳಿದವರು ಯಾವ ಉಪಕರಣ ಹಾಕಿದಾಗ ಟ್ರಿಪ್ ಆಗುತ್ತದೆ, ಎಲ್ಲಿ ಜೋಡಣೆ ಸಡಿಲವಾಗಿದೆ, ವೈರಿನ ಹೊದಿಕೆ ಎಲ್ಲಿ ಹಾಳಾಗಿದೆ ಎಂದು ಒಂದೊಂದಾಗಿ ಹುಡುಕುತ್ತಾರೆ. ಅದಕ್ಕೆ ಹೊತ್ತು ಹಿಡಿಯುತ್ತದೆ, ಕೂಲಿಯೂ ಬೀಳುತ್ತದೆ. ಕೈಗೆ ಸಿಕ್ಕ ಅಗ್ಗದ ಕೆಲಸಗಾರರು 10 ಆಂಪಿಯರಿನ ಎಂಸಿಬಿ ಕಿತ್ತು 32 ಆಂಪಿಯರಿನದನ್ನು ಕೂರಿಸಿ ಐದು ನಿಮಿಷದಲ್ಲಿ ಮುಗಿಸುತ್ತಾರೆ, ಮತ್ತೆ ಟ್ರಿಪ್ ಆಗುವುದಿಲ್ಲವಾದ್ದರಿಂದ ನಾವು ಅವರನ್ನು ಹೊಗಳುತ್ತೇವೆ. ಎಂಸಿಬಿ ಇರುವುದು ಗೋಡೆಯೊಳಗಿನ ವೈರು ಮಿತಿಮೀರಿ ಕಾಯದಂತೆ ನೋಡಿಕೊಳ್ಳಲು. ದೀಪಗಳಿಗೆಂದು ಎಳೆದ 1.5 ಚದರ ಮಿಲಿಮೀಟರ್ ವೈರಿನಲ್ಲಿ 32 ಆಂಪಿಯರ್ ಹರಿಯಲು ಬಿಟ್ಟರೆ ಎಂಸಿಬಿ ಸುಮ್ಮನಿರುತ್ತದೆ, ವೈರು ಗೋಡೆಯೊಳಗೇ ಕಾಯುತ್ತದೆ. ಮುಖ್ಯ ಬೋರ್ಡು, ಅಡುಗೆ ಅನಿಲದ ಪೈಪು, ಭಾರ ಹೊರುವ ಗೋಡೆ, ಈ ಮೂರಕ್ಕೆ ಪರವಾನಗಿ ಇದ್ದವರನ್ನಲ್ಲದೆ ಎಲ್ಲ ಕೆಲಸವನ್ನೂ ಮಾಡುತ್ತೇನೆ ಎನ್ನುವವರನ್ನು ಕರೆಯಲೇಬಾರದು.

ಖರ್ಚು ತಗ್ಗಿಸುವ ದಾರಿಗಳು ಇಲ್ಲವೆಂದಲ್ಲ, ಆದರೆ ಅವು ಚೌಕಾಸಿಯಲ್ಲಿಲ್ಲ. ಬಂದುಹೋಗುವ ಖರ್ಚೇ ದೊಡ್ಡದಾದ್ದರಿಂದ, ಸಡಿಲವಾದ ಹಿಡಿಕೆ, ಕಿರುಗುಟ್ಟುವ ಕೀಲು, ನಿಧಾನವಾಗಿ ನೀರು ಹೋಗುವ ಸಿಂಕು, ಮೊಳೆ ಹೊಡೆಯಬೇಕಾದ ಗೋಡೆ ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಒಂದೇ ಬಾರಿಗೆ ಕರೆಸಿದರೆ ಪ್ರತಿ ಕೆಲಸಕ್ಕೆ ಬೀಳುವ ಖರ್ಚು ಗಣನೀಯವಾಗಿ ಇಳಿಯುತ್ತದೆ. ನಲ್ಲಿಯ ಅಥವಾ ಬೀಗದ ಫೋಟೋ, ಅದರ ಮೇಲಿನ ಹೆಸರು ಮತ್ತು ಅಳತೆಯನ್ನು ಮೊದಲೇ ಕಳುಹಿಸಿದರೆ ಅವರು ಬಿಡಿಭಾಗ ಹಿಡಿದುಕೊಂಡೇ ಬರುತ್ತಾರೆ, ಅಂಗಡಿಗೆ ಹೋಗಿಬರುವ ಗಂಟೆ ಉಳಿಯುತ್ತದೆ. ಅಪರಾತ್ರಿಯಲ್ಲಿ ಪೈಪು ಒಡೆದಾಗ ದರ ಎರಡು ಮೂರು ಪಟ್ಟು ಏರುವುದಕ್ಕೆ ಕಾರಣ ನೀರು ಸುರಿಯುತ್ತಿರುವಾಗ ಚೌಕಾಸಿಗೆ ಯಾರಿಗೂ ವ್ಯವಧಾನವಿಲ್ಲದಿರುವುದು. ಮನೆಯ ಮುಖ್ಯ ವಾಲ್ವ್ ಎಲ್ಲಿದೆ, ಅದು ತಿರುಗುತ್ತದೆಯೇ ಎಂಬುದು ಮನೆಯವರೆಲ್ಲರಿಗೂ ಗೊತ್ತಿದ್ದರೆ ಅದನ್ನು ಮುಚ್ಚಿ ಬೆಳಗಿನವರೆಗೆ ಕಾಯಬಹುದು. ವರ್ಷಗಟ್ಟಲೆ ತಿರುಗಿಸದ ವಾಲ್ವ್ ಬಿಗಿದುಕೊಂಡುಬಿಟ್ಟಿರುತ್ತದೆ, ಆದ್ದರಿಂದ ಆಗಾಗ ಒಮ್ಮೆ ಮುಚ್ಚಿ ತೆರೆಯುತ್ತಿರಬೇಕು. ಒಂಟಿಯಾಗಿ ಬದುಕುವ ಹಿರಿಯರಿಂದಲೇ ಹೆಚ್ಚು ಹಣ ಕೀಳಲಾಗುತ್ತದೆ ಎಂಬ ದೂರಿನಲ್ಲಿ ಸತ್ಯವಿದೆ, ಮತ್ತು ಅಲ್ಲಿ ಅಕ್ಕಪಕ್ಕದವರು ಆ ಹೊತ್ತಿಗೆ ಜೊತೆಯಲ್ಲಿ ನಿಂತರೆ ಯಾವ ನಿಯಮಕ್ಕಿಂತಲೂ ಹೆಚ್ಚಿನ ಪ್ರಯೋಜನವಾಗುತ್ತದೆ.

ದರಪಟ್ಟಿಯ ಬೇಡಿಕೆಯಿಟ್ಟಿರುವ ನಿವಾಸಿಗಳ ಸಂಘಗಳಲ್ಲಿ ನನ್ನ ವಿನಂತಿ ಇಷ್ಟು. ಗರಿಷ್ಠ ದರದ ಅಂಕಿಯನ್ನು ಸದ್ಯಕ್ಕೆ ಬದಿಗಿಟ್ಟು, ಸಂಘದ ವ್ಯಾಪ್ತಿಯ ಮನೆಗಳಿಗೆ ಬರುವವರೆಲ್ಲರೂ ಬಳಸಬಹುದಾದ ಒಂದು ಪುಟದ ಬಿಲ್ಲಿನ ನಮೂನೆಯನ್ನು ಮೊದಲು ಸಿದ್ಧಪಡಿಸಲಿ. ಅದರಲ್ಲಿ ಬಂದುಹೋದ ಶುಲ್ಕ, ದೋಷ ಪತ್ತೆಯ ಶುಲ್ಕ, ಕೂಲಿ, ಅಂಗಡಿ ರಶೀದಿಯೊಡನೆ ಬಿಡಿಭಾಗದ ಬೆಲೆ, ಅದನ್ನು ತಂದುಕೊಟ್ಟದ್ದಕ್ಕೆ ಬೇಕಾದರೆ ಒಂದು ಸಣ್ಣ ಮೊತ್ತ, ಇವಕ್ಕೆಲ್ಲ ಬೇರೆ ಬೇರೆ ಅಂಕಣಗಳಿರಲಿ. ಕಿತ್ತ ಹಳೆಯ ಭಾಗವನ್ನು ಮನೆಯವರಿಗೇ ಕೊಟ್ಟುಹೋಗಬೇಕು ಎಂಬ ಸಾಲೂ, ಎಷ್ಟು ದಿನದೊಳಗೆ ಅದೇ ದೋಷ ಮರುಕಳಿಸಿದರೆ ಕೂಲಿಯಿಲ್ಲದೆ ಸರಿಪಡಿಸುತ್ತಾರೆ ಎಂದು ಬರೆಯಲು ಜಾಗವೂ ಇರಲಿ. ಕೆಲಸ ಮಾಡಿಸದೆ ನೋಡಿಸಿಕೊಂಡು ಕಳುಹಿಸಿದರೂ ಮೊದಲ ಎರಡು ಅಂಕಣಗಳ ಹಣವನ್ನು ಸದಸ್ಯರು ಕೊಡತಕ್ಕದ್ದು ಎಂದು ಸಂಘವೇ ನಿರ್ಣಯ ಮಾಡಲಿ. ಹೀಗೆ ತುಂಬಿದ ಬಿಲ್ಲುಗಳ ಪ್ರತಿಗಳು ಒಂದು ವರ್ಷದಷ್ಟು ಸಂಗ್ರಹವಾದ ಮೇಲೆ, ಯಾವ ಕೆಲಸಕ್ಕೆ ಎಷ್ಟು ಕೊಡುವುದು ನ್ಯಾಯ ಎಂಬ ಚರ್ಚೆಯನ್ನು ಅವುಗಳನ್ನು ಮುಂದಿಟ್ಟುಕೊಂಡು, ಕೆಲಸಗಾರರನ್ನೂ ಕರೆದು ಕೂರಿಸಿಕೊಂಡು ನಡೆಸಬಹುದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ